ಕೆಂಡ ತರಲು ಹೋದವನು

ಹೊಳೆ ಬಳಸಿಕೊಂಡು ಹರಿಯುವ ಒಂದು ಊರು. ಊರಿನವರೆಲ್ಲ ಯೇಸುಸ್ವಾಮಿಯ ಒಕ್ಕಲು. ಆದರೂ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಮಾತಿಲ್ಲ.

ಹಿಂದಿನ ವರ್ಷ ಶುಭ ಶುಕ್ರವಾರದ ಮೆರವಣಿಗೆಯಲ್ಲಿ ಸ್ವಾಮಿಯ ಮರದ ಸ್ವರೂಪವನ್ನು ಹೊರಲು ಯಾರು ಹೆಗಲು ಕೊಡಬೇಕೆಂಬ ಮಾತು ಬಂದಿತ್ತು. ಮಾತಿಗೆ ಮಾತು ಬೆಳೆಯಿತು. ಪಂಜೊಂದು ಹಾರಿಬಂದು ಕೆಳಗಿನ ಬೀದಿಯ ಹುಲ್ಲಿನ ಸೂರಿನ ಮೇಲೆ ಬಿತ್ತು. ಜ್ಞಾನಮ್ಮ ಎಂಬ ವಿಧವೆಯ ಮನೆ ಬೂದಿಯಾಯಿತು. ಕಟ್ಟಿದ ಹಸು ಕಟ್ಟಿದಲ್ಲೇ ಬೆಂದಿತು. ಹಗ್ಗ ಬಿಚ್ಚಲು ನುಗ್ಗಿದವಳ ಬಲಗೈ ಮೊಣಕೈವರೆಗೆ ಸುಟ್ಟಿತು.

ಎಸೆದವನು ಯಾರೆಂದು ಯಾರೂ ಬಾಯಿಬಿಡಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಮೇಲಿನ ಬೀದಿಯ ಚಿನ್ನಪ್ಪ.

ಚಿನ್ನಪ್ಪನ ತಮ್ಮ ಇನ್ನಾಸಿ. ಹೊಳೆದಂಡೆಯ ಆಶ್ರಮದಲ್ಲಿದ್ದು ಊರಿನ ಚರ್ಚನ್ನೂ ನೋಡಿಕೊಳ್ಳುತ್ತಿದ್ದ ವಯಸ್ಸಾದ ಗುರುಗಳ ಶಿಷ್ಯನಾಗಿದ್ದ. ಒಡೆದ ಊರನ್ನು ಕೂಡಿಸು ತಂದೆಯೇ ಎಂದು ದಿನವೂ ಮೊಣಕಾಲೂರಿ ಬೇಡುತ್ತಿದ್ದ. ಮೊಣಕಾಲು ಜಡ್ಡುಗಟ್ಟಿತು. ಊರು ಕೂಡಲಿಲ್ಲ.

ಒಂದು ದಿನ ಕೇಳಿದ. "ಗುರುಗಳೇ, ನನ್ನ ಪ್ರಾರ್ಥನೆ ದೇವರಿಗೆ ಕೇಳಿಸಲಿಲ್ಲವೇ?"

"ಕೇಳಿಸಿರಬೇಕು. ಕೆಳಗಿನ ಬೀದಿಗೆ ಹೋಗಿದ್ದೆಯಾ?"

"ಇಲ್ಲ. ಹೆದರಿಕೆ."

"ಹೊಡೆದಾರೆಂದೇ?"

"ಅದಲ್ಲ. ಚಿನ್ನಪ್ಪನ ತಮ್ಮ ಅಲ್ಲವೇ ನೀನು ಎಂದು ಯಾರಾದರೂ ಕೇಳಿದರೆ, ಏನು ಹೇಳಲಿ?"

ಗುರುಗಳು ಹೊಳೆಯ ಕಡೆ ನೋಡಿದರು.

ಯೇಸುಸ್ವಾಮಿ ಸತ್ತು ಮತ್ತೆ ಎದ್ದ ದಿನದ ಪಾಸ್ಖ ಹಬ್ಬ ಬಂತು. ಆ ಊರಿನಲ್ಲೊಂದು ವಾಡಿಕೆ. ಹಬ್ಬದ ಮುಂಚಿನ ಶನಿವಾರ ಮನೆಮನೆಯ ಒಲೆ ಆರಿಸುತ್ತಾರೆ. ಮುಸ್ಸಂಜೆಗೆ ಚರ್ಚಿನ ಅಂಗಳದಲ್ಲಿ ಗುರುಗಳು ಹೊಸ ಬೆಂಕಿಯನ್ನು ಮಂತ್ರಿಸುತ್ತಾರೆ. ಅದರಿಂದ ಒಂದೊಂದು ಕೆಂಡ ಒಯ್ದು ಎಲ್ಲರೂ ಒಲೆ ಹಚ್ಚಬೇಕು.

ಈ ಸಲ ಕೆಳಗಿನ ಬೀದಿಯವರು ಒಲೆ ಆರಿಸಲಿಲ್ಲ. ನಿಮ್ಮ ಬೆಂಕಿ ನೋಡಿಯಾಗಿದೆ, ಸಾಕು ಎಂದು ಹೇಳಿಕಳಿಸಿದ್ದರು.

ಇನ್ನಾಸಿ ಅಂಗಳದಲ್ಲಿ ಸೌದೆ ಒಟ್ಟಿ, ಕರ್ಪೂರವಿಟ್ಟು, ಬೆಂಕಿಪೊಟ್ಟಣ ತಂದ. ಗುರುಗಳು ಅದನ್ನು ಇಸಿದುಕೊಂಡು ಪಕ್ಕದ ನೀರಿನ ಬಿಂದಿಗೆಗೆ ಹಾಕಿಬಿಟ್ಟರು.

"ಜ್ಞಾನಮ್ಮನ ಒಲೆಯಿಂದ ಒಂದು ಕೆಂಡ ಕೇಳಿ ತಾ."

ಇನ್ನಾಸಿ ಒಂದು ಹೆಜ್ಜೆ ಹಿಂದೆ ಸರಿದ. ಸುಟ್ಟವರ ಮನೆಯವನು ಸುಟ್ಟುಕೊಂಡವಳ ಹತ್ತಿರ ಬೆಂಕಿ ಕೇಳುವುದು ಹೇಗೆ ಎಂದು ತೊದಲಿದ. ಗುರುಗಳು ಕೆಳಗಿನ ಬೀದಿಯ ದಾರಿ ತೋರಿಸಿದರು. ಕೊನೆಗೆ ಕೆಂಡಕ್ಕೆಂದು ಒಂದು ಮಡಕೆಯ ಓಡು ಕೈಗೆತ್ತಿಕೊಂಡ. ಗುರುಗಳು ಅದನ್ನೂ ತೆಗೆದಿಟ್ಟರು.

"ಬರಿಗೈಯಲ್ಲಿ ಹೋಗು."

ಕೆಳಗಿನ ಬೀದಿಗೆ ಕಾಲಿಟ್ಟಾಗ ಎಲ್ಲೋ ಕುಡುಗೋಲು ಮಸೆಯುವ ಸದ್ದಿತ್ತು. ಅವನನ್ನು ಕಂಡು ಸದ್ದು ನಿಂತಿತು. ನಾಯಿ ಕೂಡ ಬೊಗಳಲಿಲ್ಲ. ಅದು ಬೊಗಳಿದ್ದರೇ ವಾಸಿಯಿತ್ತು ಅನ್ನಿಸಿತು. ಹಿಂದಿನ ದಿನ ಚರ್ಚಿನಲ್ಲಿ ಓದಿದ ಯೇಸುಸ್ವಾಮಿಯ ಪಾಡಿನ ಕಥೆ ನೆನಪಾಯಿತು. ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಾ ನಿಂತ ಸ್ವಾಮಿಯ ಶಿಷ್ಯ ಪೇತ್ರ, ನೀನೂ ಅವನ ಜೊತೆಗಿದ್ದವನಲ್ಲವೇ ಎಂದು ಕೇಳಿದ ಹೆಣ್ಣು, ಅಲ್ಲ ಅಲ್ಲ ಎಂದ ಅವನ ಬಾಯಿ, ಆಗ ಕೂಗಿದ ಕೋಳಿ.

ಜ್ಞಾನಮ್ಮನ ಹೊಸ ಗುಡಿಸಲ ಜಗಲಿಯ ಮೇಲೆ ಒಂದು ಹುಂಜವಿತ್ತು. ಕತ್ತು ಕೊಂಕಿಸಿ ಅವನನ್ನೇ ನೋಡುತ್ತಿತ್ತು.

"ಯಾರದು?" ಒಳಗಿನಿಂದ ಹೆಂಗಸಿನ ದನಿ.

"ಆಶ್ರಮದವನು. ಗುರುಗಳು ಒಂದು ಕೆಂಡ ಕೇಳಿದರು."

ಜ್ಞಾನಮ್ಮ ಬಾಗಿಲಿಗೆ ಬಂದಳು. ಬೆಳಕಿಗೆ ಅವನ ಮುಖ ಹಿಡಿದು ನೋಡುವಂತೆ ನೋಡಿದಳು.

"ಚಿನ್ನಪ್ಪನ ತಮ್ಮ ಅಲ್ವಾ ನೀನು?"

ಹಿಂದೆ ಗಂಡಸರು ಬಂದು ನಿಂತಿದ್ದರು. ತಿರುಗದೆಯೇ ಅವನಿಗೆ ಗೊತ್ತಾಯಿತು. ಅಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಹುಂಜ ರೆಕ್ಕೆ ಬಡಿಯಿತು.

"ಹೌದವ್ವ. ಅವನ ತಮ್ಮನೇ. ಒಂದೇ ಹೊಟ್ಟೆಯವರು."

ಗಂಡಸರಲ್ಲಿ ಕುಡುಗೋಲು ಹಿಡಿದವನು ಅಂದ, "ಬೆಂಕಿ ಕೊಡೋಕೆ ಅಣ್ಣ ಬಂದಿದ್ದ. ಇಸ್ಕೊಳ್ಳೋಕೆ ತಮ್ಮ ಬಂದವ್ನೆ." ಯಾರೂ ನಗಲಿಲ್ಲ.

ಜ್ಞಾನಮ್ಮ ಕೇಳಿದಳು, "ಯಾತರಲ್ಲಿ ತಗೊಂಡೋಗ್ತೀಯ?"

ಇನ್ನಾಸಿ ಎರಡೂ ಕೈ ಚಾಚಿದ. ಅವು ಎಲೆಯ ಹಾಗೆ ನಡುಗುತ್ತಿದ್ದವು.

"ಚೆನ್ನಾಗೈತೆ. ಈ ಕೈಗೆ ಕೊಟ್ರೆ ನಡುಬೀದೀಲಿ ಬೀಳಿಸ್ತೀಯ. ಇನ್ನೊಂದು ಸಲ ಸುಡೋಕೆ ನಮ್ಮತ್ರ ಸೂರಿಲ್ಲ." ಅವಳು ಒಳಗೆ ಹೋದಳು. ಓಡಿನಲ್ಲಿ ಬೂದಿ ಹಾಸಿ, ಮೇಲೊಂದು ಕೆಂಡವಿಟ್ಟುಕೊಂಡು ಬಂದಳು. "ನಿಮ್ಮ ಮನೆಯೋರ ಕೈಗೆ ಬೆಂಕಿ ಕೊಟ್ಟು ನೆಮ್ಮದಿಯಾಗಿ ಕೂರೋಕೆ ನನ್ನಿಂದಾಗಲ್ಲ. ನಡಿ, ನಾನೇ ತರ್ತೀನಿ."

ಅವಳಿಗೆ ಏನಾದರೂ ಆದೀತೆಂಬ ದಿಗಿಲಿಗೆ ಗಂಡಸರು ಹಿಂದೆ ಹೊರಟರು. ಗಂಡಸರು ಏನಾದರೂ ಮಾಡಿಯಾರೆಂಬ ದಿಗಿಲಿಗೆ ಹೆಂಗಸರು ಹೊರಟರು.

ಬೆಂಕಿಯ ಹಿಂದೆ ಅಷ್ಟು ಜನ ಬರುವುದನ್ನು ಕಂಡು ಮೇಲಿನ ಬೀದಿ ನಡುಗಿತು. ಸೇಡು ತೀರಿಸಲು ಬಂದರೆಂದು ಬಾಗಿಲುಗಳ ಅಗುಳಿ ಬಿದ್ದವು. ಹುಡುಕಿದರೆ ಒಂದು ಮಗುವಿನ ಸದ್ದಿಲ್ಲ. ಚರ್ಚಿನ ಅಂಗಳದಲ್ಲಿ ಚಿನ್ನಪ್ಪ ದೊಣ್ಣೆ ಹಿಡಿದು ಅಡ್ಡ ನಿಂತಿದ್ದ. ಒಂದು ಕಲ್ಲು ಹಾರಿದರೆ ಊರು ಮುಗಿಯಿತು ಎಂದು ಇನ್ನಾಸಿಗೆ ಅನ್ನಿಸಿತು. ಪ್ರಾರ್ಥನೆ ಮಾಡಲು ನೋಡಿದ. ಒಂದು ಮಾತೂ ನೆನಪಿಗೆ ಬರಲಿಲ್ಲ.

ಗುರುಗಳು ಕೋಲೂರಿಕೊಂಡು ಜ್ಞಾನಮ್ಮನ ಎದುರಿಗೆ ಬಂದರು. ಕೆಂಡಕ್ಕೆ ಬೂದಿ ಮುಸುಕಿತ್ತು. ಬಗ್ಗಿ ಊದಲು ಹೋದರೆ ಕೆಮ್ಮು ಬಂತು.

"ಚಿನ್ನಪ್ಪ, ನನಗೆ ಉಸಿರು ಸಾಲದು. ನೀನು ಊದು."

ಚಿನ್ನಪ್ಪ ಕದಲಲಿಲ್ಲ. ಗುರುಗಳೂ ಕದಲಲಿಲ್ಲ. ಕೆಂಡ ಇನ್ನಷ್ಟು ಕಪ್ಪಾಯಿತು.

ಕೊನೆಗೆ ಚಿನ್ನಪ್ಪ ದೊಣ್ಣೆ ನೆಲಕ್ಕಿಟ್ಟು ಹತ್ತಿರ ಬಂದ. ಊದಬೇಕಾದರೆ ಅವಳ ಕೈಯ ಮೇಲೆ ಬಗ್ಗಬೇಕು. ಬಗ್ಗಿದ. ಸುಟ್ಟು ಸುಕ್ಕಾದ ತೊಗಲು ಕಣ್ಣಿಗೆ ಅಷ್ಟು ಹತ್ತಿರ ಬಂತು. ಮುಖ ಹಿಂದೆಳೆದುಕೊಂಡ, ಮತ್ತೆ ಬಗ್ಗಿದ.

ಜ್ಞಾನಮ್ಮ ಅಂದಳು, "ಮೆಲ್ಲಗೆ ಊದು. ಬೂದಿ ನನ್ನ ಕಣ್ಣಿಗೆ ಬೀಳ್ತದೆ."

ಅವನು ಮೆಲ್ಲಗೆ ಊದಿದ. ಕೆಂಡ ಕೆಂಪಾಯಿತು.

ಸೌದೆ ಹತ್ತಿಕೊಂಡ ಮೇಲೆ ಒಂದೊಂದೇ ಬಾಗಿಲು ತೆರೆಯಿತು. ಎಲ್ಲವೂ ತೆರೆಯಲಿಲ್ಲ. ಕುಡುಗೋಲಿನವನು ಕುಡುಗೋಲು ಬಿಡದೆ ಕಡೆಯವರೆಗೂ ಬೇಲಿಯ ಹತ್ತಿರವೇ ನಿಂತಿದ್ದ. ಆದರೆ ತಿರುಗಿ ಹೋಗಲಿಲ್ಲ. ಒಬ್ಬೊಬ್ಬರಾಗಿ ಕೆಂಡ ಒಯ್ಯುವಾಗ ಅದು ಯಾರ ಒಲೆಯದೆಂದು ಎಲ್ಲರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹೊಳೆಯಲ್ಲಿ ಮುಖ ತೊಳೆಯುತ್ತಾ ಇನ್ನಾಸಿ ಕೇಳಿದ.

"ಗುರುಗಳೇ, ನಿನ್ನೆ ಜೀವ ಕೈಯಲ್ಲಿ ಹಿಡಿದು ಹೋದೆ. ಒಂದು ಓಡನ್ನಾದರೂ ಕೊಟ್ಟು ಕಳಿಸಿದ್ದರೆ ಏನಾಗುತ್ತಿತ್ತು?"

ಗುರುಗಳು ಅಂದರು, "ಕೆಂಡ ಹಿಡಿದು ನೀನೊಬ್ಬನೇ ಬರುತ್ತಿದ್ದೆ."