ಚನ್ನವೀರಪ್ಪನವರ ಬೋರ್ಡು

ವಿದೇಶದ ದೊಡ್ಡ ಕುದುರೆ ರೇಸು ಹತ್ತಿರ ಬಂತು. ಬಾಜಿ ಅಂಗಡಿಯ ಚನ್ನವೀರಪ್ಪ ಬೋರ್ಡು ಬರೆಯುವವಳನ್ನು ಕರೆಸಿದ. ಅವಳ ತಮ್ಮ ಅಲ್ಲೇ ಬಾಜಿ ಕಟ್ಟಿ ಸೈಟು ಕಳೆದುಕೊಂಡಿದ್ದ. ಇನ್ನು ಉಳಿದದ್ದು ಮನೆಯೊಂದೇ.

“ಚೆಂದದ ಕುದುರೆ ಬರಿ. ಕೆಳಗೆ ‘ಇಲ್ಲಿ ಹಣ ಕಟ್ಟಿ, ಮನೆ ಕಟ್ಟಿ’ ಅಂತ ಬರಿ. ನಡುವೆ ನನ್ನ ಹೆಸರು ದೊಡ್ಡದಾಗಿರಬೇಕು, ತಿಳೀತಾ?”

ಮರುದಿನ ಬೋರ್ಡು ಓದಿದವರೆಲ್ಲ ಬಿದ್ದು ಬಿದ್ದು ನಕ್ಕರು: ‘ಇಲ್ಲಿ ಹಣ ಕಟ್ಟಿ, ಚನ್ನವೀರಪ್ಪನವರ ಮನೆ ಕಟ್ಟಿ.’

“ಏನೇ ಇದು?” ಎಂದು ಆತ ಅಬ್ಬರಿಸಿದ.

“ಮಾತೂ ನಿಮ್ಮದೇ, ಹೆಸರೂ ನಿಮ್ಮದೇ ಯಜಮಾನ್ರೇ. ಸುಳ್ಳಾಗಿದ್ದರೆ ಹೇಳಿ, ಅಳಿಸ್ತೀನಿ.”

ಜನ ನಗುತ್ತಲೇ ಚದುರಿದರು. ಒಬ್ಬ ಮಾತ್ರ ಅಕ್ಷರ ಬಿಟ್ಟು ಕುದುರೆಯನ್ನೇ ನೋಡುತ್ತಿದ್ದ.

“ಅಕ್ಕಾ, ನಿನ್ನ ಕುದುರೆ ಈಗಲೇ ಓಡೋ ಹಂಗಿದೆ! ಒಳ್ಳೇ ಶಕುನ” ಎಂದು ತಮ್ಮ ಮನೆಪತ್ರ ಹಿಡಿದು ಒಳಗೆ ಹೋದ.