ಅಂಟುಬಾಲದ ಓಲೆಕಾರ

ಒಂದು ನರಕೋಶದಲ್ಲಿ ಓಲೆಕಾರನೆಂಬ ಪ್ರೋಟೀನು ವಾಸವಾಗಿದ್ದ. ಆರ್‌ಎನ್‌ಎ ಎಂಬ ಓಲೆಗಳನ್ನು ನರದ ತುದಿಗೆ ಮುಟ್ಟಿಸುವುದು ಅವನ ಕೆಲಸ. ಅವನ ಬಾಲ ಹಲಸಿನ ಮೇಣದಂತೆ ಅಂಟು. ಆ ಬಾಲವನ್ನು ಒಡನಾಡಿ ಎಂಬ ಇನ್ನೊಂದು ಪ್ರೋಟೀನು ಸದಾ ಅಪ್ಪಿ ಹಿಡಿದಿರುತ್ತಿದ್ದಳು.

ಕೋಶಕ್ಕೆ ಜ್ವರದ ಕಾವೇರಿದ ದಿನ ಓಲೆಕಾರ ಕೆರಳಿದ. "ಓಲೆ ಹೊರುವವನು ನಾನು. ನೀನು ಬರೀ ಜೋತುಬಿದ್ದವಳು. ನಿನ್ನ ಭಾರಕ್ಕೆ ನನಗೆ ತಡವಾಗುತ್ತಿದೆ, ತೊಲಗು."

"ನಾನು ಕೈಬಿಟ್ಟರೆ ನೀನು ಹೀಗೆ ಕೋಶದ ನೀರಲ್ಲಿ ಕರಗಿ ಓಡಾಡಲಾರೆ, ಹೆಪ್ಪುಗಟ್ಟುವೆ," ಎಂದಳು ಒಡನಾಡಿ.

"ನನಗೇ ಬುದ್ಧಿ ಹೇಳುತ್ತೀಯಾ?" ಎಂದು ಅವನು ಬಾಲವನ್ನು ಬಲವಾಗಿ ಕೊಡವಿದ.

ಅವಳಿಗೂ ರೇಗಿತು. "ಹಾಗಾದರೆ ಹೋಗು," ಎಂದು ಕೈಬಿಟ್ಟಳು.

ಓಲೆಕಾರನಿಗೆ ಮೈ ಹಗುರವಾಯಿತು. ಓಲೆ ಹಿಡಿದು ಬಿರಬಿರನೆ ಹೊರಟ. ಸ್ವಲ್ಪ ದೂರದಲ್ಲಿ, ತನ್ನ ಹಾಗೆಯೇ ಜೊತೆಯವಳನ್ನು ಕೊಡವಿಕೊಂಡು ಬಂದ ಕುಲಬಾಂಧವನೊಬ್ಬ ಎದುರಾದ. ಬಾಲಕ್ಕೆ ಬಾಲ ತಗುಲಿತು, ಬಿಡಲಿಲ್ಲ. ಬಿಡಿಸಿಕೊಳ್ಳಲು ಇಬ್ಬರೂ ಜಗ್ಗಾಡುವಾಗ ಮೂರನೆಯವನು ಬಂದು ಅಂಟಿದ, ಆಮೇಲೆ ಇನ್ನೂ ಹತ್ತು ಮಂದಿ. "ದೂರ ಸರಿಯೋ" ಎಂದು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಲೇ ಎಲ್ಲರೂ ಒಂದೇ ಗಟ್ಟಿ ಮುದ್ದೆಯಾದರು.

ಸುದ್ದಿ ತಿಳಿದು ಒಡನಾಡಿ ಓಡಿಬಂದಳು. ಮುದ್ದೆಯೊಳಗೆ ಬೆರಳು ತೂರಿಸಲೂ ಎಡೆಯಿರಲಿಲ್ಲ. "ಆ ಓಲೆಯನ್ನಾದರೂ ಇತ್ತ ಕೊಡು. ಅದಿಲ್ಲದೆ ನರದ ತುದಿ ಒಣಗುತ್ತಿದೆ," ಎಂದು ಗದರಿದಳು.

ಓಲೆಕಾರನಿಗೆ ಕೊಡಬೇಕೆನಿಸಿತು, ಕೈ ಅಲ್ಲಾಡಲಿಲ್ಲ. ಇದೆಲ್ಲ ನಿನ್ನಿಂದಲೇ ಆಯಿತೆಂದು ಅವಳನ್ನು ಬೈಯಲು ಬಾಯಿ ತೆರೆದ. ಪಕ್ಕದವನ ಬೆನ್ನು ಬಾಯಿಗೆ ಅಡ್ಡವಾಗಿ ಮೆತ್ತಿಕೊಂಡಿತು.