ಒರತೆ ಕೇಳಿಸಿಕೊಂಡ ಮಾತು

ಒಂದಾನೊಂದು ಬೇಸಿಗೆಯಲ್ಲಿ, ಬರೀ ಕಲ್ಲು, ಜಾಲಿಗಿಡ ಇರೋ ಸೀಮೆಯಲ್ಲಿ, ದುರುಗವ್ವ ಅಂತ ಕುರಿ ಸಾಕೋಳು ಇದ್ದಳಂತೆ. ಅವಳಿಗೆ ಹುಲಿಗಿ ಅಂತ ಮೂರು ವರ್ಷದ ಒಬ್ಬಳೇ ಮಗಳು. ಹುಲಿಗಿಯ ಜವಳಕ್ಕೆ, ಅಂದರೆ ಮೊದಲ ಸಲ ಕೂದಲು ತೆಗೆಸೋ ದಿನದ ಊಟಕ್ಕೆ, ಒಂದು ಟಗರು ಮೇಯಿಸ್ತಿದ್ದಳಂತೆ. ನೀರು ಮಾತ್ರ ಒರತೆಯದು. ಒರತೆ ಅಂದರೆ ಬಾವಿ ಅಲ್ಲ ಪುಟ್ಟಿ, ಒಣಗಿದ ಹಳ್ಳದ ಮರಳು ತೋಡಿದರೆ ಜಿನುಗುತ್ತಲ್ಲ, ಅದು. ಆ ಕುರಿಗಾರರಲ್ಲಿ ಒಂದು ಕಟ್ಟಳೆ ಇತ್ತಂತೆ, ಕಡಿಯೋ ಟಗರನ್ನ ಕೂಸು ಅಂತ ಕರೀಬಾರದು. ಯಾಕೆ ಅಂದರೆ ಒರತೆ ಕೇಳಿಸಿಕೊಳ್ಳುತ್ತೆ, ಕೇಳಿದ್ದನ್ನ ನಿಜ ಮಾಡುತ್ತೆ.

ಬಿಸಿಲು ಏರಿದ ಹಾಗೆ ಟಗರು ಮೇವು ಬಿಟ್ಟಿತಂತೆ. ದುರುಗವ್ವ ಹುರುಳಿ ಹೊಟ್ಟು ಹಿಡಿದು ತಿನ್ನು ನನ್ನ ಕೂಸೇ ಅಂದಳಂತೆ, ತಿಂತು. ಆಮೇಲೆ ಜಾಲಿಕಾಯಿ ಕೊಟ್ಟು ಹಾಗೇ ಅಂದಳಂತೆ, ತಿಂತು. ಆಮೇಲೆ ಒರತೆ ಹತ್ತಿರ ಕರ್ಕೊಂಡು ಹೋಗಿ, ನನ್ನ ಹೊಟ್ಟೇಲಿ ಹುಟ್ಟಿದ ಕೂಸೇ, ಕುಡಿ ಅಂದಳಂತೆ. ಟಗರು ಬಗ್ಗಿತು. ನೀರೊಳಗೆ ಕಂಡದ್ದು ಟಗರಿನ ಮುಖ ಅಲ್ಲ, ಹುಲಿಗಿ ಮುಖ!

ಮನೆಗೆ ಓಡಿಬಂದರೆ ಹುಲಿಗಿ ಮಾತಿಲ್ಲದೆ ಹೊಟ್ಟು ಮೆಲುಕು ಹಾಕ್ತಾ ಕೂತಿದ್ದಳಂತೆ. ಹಿಂದಿನಿಂದ ಟಗರು, ಅವ್ವಾ, ನೀರಡಿಕಿ ಆಗೈತಿ ಅಂತಂತೆ.

ಅತ್ತೆ ಬರಮವ್ವ ಎದೆ ಬಡ್ಕೊಂಡು, ಅಯ್ಯ ಇವಳ ಬಾಯಿಗೆ ಬೀಗ ಹಾಕ! ನಾಳೆ ಜವಳ, ಈಗ ಯಾವುದನ್ನ ಕಡೀತೀಯೇ? ಕರೆದೋಳು ನೀನು, ಬಿಡಿಸೋಳೂ ನೀನೇ. ಹೋಗು, ಅದರ ಮುಖ ನೋಡಿ ನಿಜ ಹೇಳು ಅಂದಳಂತೆ.

ಮಟಮಟ ಮಧ್ಯಾಹ್ನ, ಒಂದು ಕಾಗೆಯ ಸದ್ದೂ ಇಲ್ಲ. ದುರುಗವ್ವ ಹುಲಿಗಿ, ಟಗರು ಇಬ್ಬರನ್ನೂ ಒರತೆಗೆ ಒಯ್ದಳಂತೆ. ನೀನು ನನ್ನ ಕೂಸಲ್ಲ ಅನ್ನೋಕೆ ಹೋದರೆ ಟಗರು, ಅವ್ವಾ, ನಾನು ಹುಲಿಗಿ ಅಂತಂತೆ. ಇವಳು ಮುಖ ತಿರುಗಿಸಿಬಿಟ್ಟಳು. ಎರಡನೇ ಸಲ ಹೋದರೆ, ಅವ್ವಾ, ಕುತ್ತಿಗಿ ಕೊಯ್ಯಬ್ಯಾಡ ಅಂತಂತೆ. ಅತ್ತುಬಿಟ್ಟಳು. ಮೂರನೇ ಸಲ ಅದರ ಎರಡೂ ಕಿವಿ ಹಿಡಿದು, ನೀನು ಟಗರು, ನಿನ್ನ ಕಡಿಯೋಕೆ ಅಂತಲೇ ಸಾಕೀನಿ, ಸುಳ್ಳು ಹೇಳಿ ಮೇಯಿಸಿದೆ, ಅದು ನನ್ನ ತಪ್ಪು ಅಂದಳಂತೆ.

ಟಗರು ಅವಳನ್ನ ತುಂಬಾ ಹೊತ್ತು ನೋಡಿತಂತೆ. ಆಮೇಲೆ ನೀರು ಕುಡಿದು ಬ್ಯಾ ಅಂತು. ಹುಲಿಗಿ ಬಾಯಲ್ಲಿದ್ದ ಹೊಟ್ಟು ಉಗಿದು, ಥೂ, ಏನಿದು ಅವ್ವಾ ಅಂತ ಅತ್ತಳಂತೆ.

ಜವಳ ಆಯ್ತು. ಟಗರು ಕಡಿದರಾ ಅಂತೀಯಾ? ಹೂಂ, ಕಡಿದರು. ಎಲ್ಲರೂ ಉಂಡರು. ದುರುಗವ್ವನಿಗೆ ತುತ್ತು ಇಳೀಲಿಲ್ಲ, ಆದರೂ ಉಂಡಳಂತೆ. ನೀನು ಟಗರು ಅಂತ ಅದರ ಮುಖಕ್ಕೇ ಹೇಳಿ ಬಂದಿದ್ದಳಲ್ಲ, ಎಲೆ ಬಿಟ್ಟು ಎದ್ದಿದ್ದರೆ ಆ ಮಾತೂ ಸುಳ್ಳಾಗ್ತಿತ್ತು. ಹುಲಿಗಿ ಬೆಳೆದು ದೊಡ್ಡೋಳಾಗಿ ಸುಖವಾಗಿದ್ದಳಂತೆ.

ಕತೆ ಇಲ್ಲಿಗೆ ಆಯ್ತು. ಕಣ್ಣು ಮುಚ್ಚು ಪುಟ್ಟಿ.